ಗಾಜಿನ ಬಾಗಿಲಾಚೆಯ ಮಸಿ

ರೆಸಾರ್ಟ್ ನಡೆಸುವವರಿಗೆ ದೇವರು ಬೇರೆಯೇ ಕಣ್ಣು ಕೊಟ್ಟಿರಬೇಕು. ಮಂಚದ ಮೇಲಿನ ಬಿಳಿ ಹೊದಿಕೆಯ ಒಂದೊಂದು ನೆರಿಗೆಯೂ ಕಾಣಬೇಕು, ಅದೇ ಫೋಟೋದಲ್ಲಿ ಗಾಜಿನ ಬಾಗಿಲಾಚೆಯ ಬೆಟ್ಟದ ಒಂದೊಂದು ಮರವೂ ಕಾಣಬೇಕು. ಒಳಗೆ ಮಬ್ಬು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಎರಡೂ ಒಂದೇ ಸಲಕ್ಕೆ ಬರುವುದಿಲ್ಲ ಅಂದರೆ ಕೇಳುವವರು ಯಾರು? "ಮೇಡಂ, ಪಕ್ಕದ ರೆಸಾರ್ಟಿನವರ ವೆಬ್‌ಸೈಟಲ್ಲಿ ಹಾಗೇ ಇದೆಯಲ್ಲ" ಅನ್ನುತ್ತಾರೆ. ಇದೆ, ನಾನೂ ನೋಡಿದ್ದೇನೆ. ಅಲ್ಲಿ ಬೆಟ್ಟಕ್ಕೆ ಬಟ್ಟೆಗೆ ಹಾಕುವ ನೀಲಿ ಹಾಕಿದ್ದಾರೆ, ಬೆಟ್ಟದ ಅಂಚಿಗೆ ಸುಣ್ಣದ ಗೆರೆ ಎಳೆದಿದ್ದಾರೆ, ಮಂಚದ ಮೇಲೆ ಟವೆಲ್ಲನ್ನು ಮಡಿಚಿ ಎರಡು ಬಾತುಕೋಳಿ ಮಾಡಿ ಮೂತಿಗೆ ಮೂತಿ ಕೂಡಿಸಿಟ್ಟಿದ್ದಾರೆ. ಜನ ಅದನ್ನು ನೋಡಿಯೇ ಮನಸೋತು ರೂಮ್ ಬುಕ್ ಮಾಡುತ್ತಾರೆ.

ಇಂಥವರ ರೂಮುಗಳ ಫೋಟೋ ತೆಗೆದುಕೊಡುವುದೇ ನನ್ನ ಕೆಲಸ. ಊಟಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ತರಕಾರಿ ಮಂಡಿಗೆ ಅಂತ ಬಂದವರು, ಆಲೂಗಡ್ಡೆ ಮೂಟೆ ಬೇಸರವಾಗಿ ಕ್ಯಾಮೆರಾ ಹಿಡಿದರು. ತುಮ್ಮನಟ್ಟಿಯಿಂದ ಎಮರಾಲ್ಡ್‌ವರೆಗೆ ಹಟ್ಟಿ ಹಟ್ಟಿಗಳ ಮದುವೆ, ಸಾವು, ಹಬ್ಬ ಎಲ್ಲಕ್ಕೂ ಅವರೇ ಹೋಗುತ್ತಿದ್ದರು. ಈಗ ಹಟ್ಟಿಯಲ್ಲಿ ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಕ್ಯಾಮೆರಾ. ಮದುವೆಯಲ್ಲಿ ಧಾರೆ ಎರೆಯುವವರಿಗಿಂತ ಫೋನ್ ಎತ್ತಿ ಹಿಡಿದವರೇ ಮುಂದೆ ನಿಂತಿರುತ್ತಾರೆ. ಹಾಗಾಗಿ ನಾನು ಟವೆಲ್ಲಿನ ಬಾತುಕೋಳಿಗಳ ಪಾಲಾದೆ.

ಒಳಗೂ ಹೊರಗೂ ಒಟ್ಟಿಗೆ ಕಾಣುವ ಫೋಟೋಕ್ಕೆ ಎಚ್‌ಡಿಆರ್ ಅನ್ನುತ್ತಾರೆ. ಮಾಡುವ ರೀತಿ ಇಷ್ಟೇ: ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಒಂದೇ ನೋಟವನ್ನು ಐದು ಸಲ ತೆಗೆಯುವುದು. ಮೊದಲನೆಯದು ತೀರಾ ಕಪ್ಪಾಗಿ. ಅದರಲ್ಲಿ ಹೊರಗಿನ ಬೆಟ್ಟ ಚೆನ್ನಾಗಿ ಬರುತ್ತದೆ, ಒಳಗೆಲ್ಲ ಕತ್ತಲೆ. ಆಮೇಲೆ ಸ್ವಲ್ಪ ಸ್ವಲ್ಪ ಬೆಳಕು ಹೆಚ್ಚಿಸುತ್ತ ಹೋಗಬೇಕು. ಐದನೆಯದರಲ್ಲಿ ಮಂಚದ ಕೆಳಗಿನ ಧೂಳೂ ಕಾಣುತ್ತದೆ, ಬಾಗಿಲು ಮಾತ್ರ ಬರಿ ಬಿಳಿ ಬಟ್ಟೆ. ಈ ಐದನ್ನೂ ಕಂಪ್ಯೂಟರಿಗೆ ಹಾಕಿದರೆ ಸಾಫ್ಟ್‌ವೇರ್ ಒಂದೊಂದರಲ್ಲಿ ಚೆನ್ನಾಗಿರುವುದನ್ನು ಆರಿಸಿ ಸೇರಿಸಿ ಒಂದು ಮಾಡಿ ಕೊಡುತ್ತದೆ. ಕೊಡುತ್ತದೆ ಅಂತ ಅದನ್ನು ಮಾರುವವರು ಹೇಳುತ್ತಾರೆ.

ಬೇರೆಯವರ ಕ್ಯಾಮೆರಾ ಈ ಐದನ್ನೂ ಒಂದೇ ಉಸಿರಿಗೆ ಪಟಪಟನೆ ತೆಗೆದುಬಿಡುತ್ತದೆ. ನನ್ನದಕ್ಕೂ ಬರುತ್ತದೆ. ಆದರೆ ನನಗೆ ಆ ಗುಂಡಿಯ ಮೇಲೆ ನಂಬಿಕೆ ಇಲ್ಲ. ಅಪ್ಪ ಕಲಿಸಿದ ಹಾಗೆ ಒಂದು ತೆಗೆದು, ನೋಡಿ, ಡಯಲ್ ಕೈಯಿಂದಲೇ ತಿರುಗಿಸಿ, ಇನ್ನೊಂದು ತೆಗೆಯುತ್ತೇನೆ. ಐದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಹಿಡಿಯಲಿ, ಮಂಚ ಓಡಿಹೋಗುತ್ತದೆಯೇ ಅನ್ನುವುದು ನನ್ನ ವಾದವಾಗಿತ್ತು.

ಕಳೆದ ಬೇಸಿಗೆಯಲ್ಲಿ ಮಸಿನಗುಡಿಯ ಒಂದು ರೆಸಾರ್ಟಿನಿಂದ ಕರೆ ಬಂತು. ಹನ್ನೆರಡು ಕಾಟೇಜು, ಅಷ್ಟರದ್ದೂ ಫೋಟೋ ಬೇಕು. ಕಲ್ಲಟ್ಟಿ ಘಾಟಿಯ ತಿರುವುಗಳನ್ನು ಇಳಿದು ಹೋಗುವಷ್ಟರಲ್ಲಿ ಸ್ವೆಟರ್ ತೆಗೆದು ಚೀಲಕ್ಕೆ ತುರುಕಿದ್ದೆ. ಅಲ್ಲಿಯ ಮ್ಯಾನೇಜರ್ ಮೈಸೂರಿನವನು, ಬಂದು ಮೂರು ತಿಂಗಳಾಗಿತ್ತು. ಕಾಡಿನ ನಡುವೆ ಇದ್ದೂ ಎಸಿ ಹಾಕಿಕೊಂಡು, ಪರದೆ ಎಳೆದುಕೊಂಡು ಕೂರುವ ಮನುಷ್ಯ. ಟೇಬಲ್ಲಿನ ಮೇಲೆ ಮರದ ಆನೆ, ಗೋಡೆಯ ಮೇಲೆ ಆನೆಯ ಚಿತ್ರ, ಕಾಫಿ ಕಪ್ಪಿನ ಮೇಲೂ ಆನೆ.

ನಾನು ಹೋದಾಗ ಅವನು ಒಬ್ಬ ಹೆಂಗಸನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದ. ಆಕೆ ಅಲ್ಲಿ ಕಸ ಗುಡಿಸಿ, ಹೊದಿಕೆಗಳನ್ನು ಒಗೆದು ಒಣಗಿಸುವವಳು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಮಸಿನಗುಡಿಯಲ್ಲೇ ಹುಟ್ಟಿ ಬೆಳೆದವಳು, ರೆಸಾರ್ಟು ಶುರುವಾದಾಗಿನಿಂದ ಅಲ್ಲೇ ಕೆಲಸ. ಬಟ್ಟೆ ಒಣಹಾಕುವ ತಂತಿ ಇದ್ದದ್ದು ಕೊನೆಯ ಕಾಟೇಜಿನ ಹಿಂದೆ, ಬೇಲಿಯ ಹತ್ತಿರ. ಸಂಜೆ ನಾಲ್ಕಕ್ಕೆ ಬಟ್ಟೆ ತರಲು ಹೋದವಳು ಅಲ್ಲೇ ಅರ್ಧ ಗಂಟೆ ಸುಮ್ಮನೆ ನಿಂತುಬಿಡುತ್ತಾಳೆ ಅನ್ನುವುದು ಅವನ ದೂರು.

"ದೊಡ್ಡವ್ರು ಬಂದ್ರೆ ನಿಂತ್ಕೊಳ್ದೆ ಏನ್ ಮಾಡದು ಸಾರ್?" ಅಂದಳು ಆಕೆ. "ಓಡಿದ್ರೆ ಅಟ್ಟಿಸ್ಕೊಂಡು ಬತ್ತಾರೆ. ಕೂಗಿದ್ರೆ ತಿರುಗ್ತಾರೆ. ಸುಮ್ಕೆ ನಿಂತ್ರೆ ಅವ್ರ ಪಾಡಿಗೆ ಅವ್ರು ಒಗೆಯೋ ತೊಟ್ಟೀಲಿ ನೀರ್ ಕುಡ್ದು ಹೋಯ್ತಾರೆ."

ದೊಡ್ಡವರು ಅಂದರೆ ಆನೆ. ಆ ಕಡೆ ಎಷ್ಟೋ ಜನ ಅದರ ಹೆಸರು ಹಿಡಿದು ಹೇಳುವುದಿಲ್ಲ. ಎದುರು ಬಂದರೆ ಇದ್ದಲ್ಲೇ ಕಂಬದ ಹಾಗೆ ನಿಲ್ಲುವುದು, ತಲೆಯ ಮೇಲೆ ಹೊರೆಯಿದ್ದರೆ ಅದನ್ನೂ ಇಳಿಸದೆ ನಿಲ್ಲುವುದು ಅವರ ಅಭ್ಯಾಸ. ಇದು ನನಗೂ ಗೊತ್ತಿತ್ತು.

"ನಾನು ಬಂದು ಮೂರು ತಿಂಗಳಾಯ್ತು, ಒಂದು ಬಾಲ ಕಂಡಿಲ್ಲ" ಅಂದ ಮ್ಯಾನೇಜರ್. "ನಿನಗೆ ಮಾತ್ರ ನಾಲ್ಕು ಗಂಟೆಗೆ ಅಪಾಯಿಂಟ್‌ಮೆಂಟ್ ಕೊಟ್ಟು ಬರ್ತಾವಾ? ಇನ್ನೊಂದು ಸಲ ಹಾಗೆ ನಿಂತಿರೋದು ಗೊತ್ತಾದ್ರೆ ಅವತ್ತೇ ಕೊನೆ. ಮನೆಗೆ ಹೋಗಿ ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೋ."

"ಬೇಲಿ ಎರಡು ಕಂಬ ಬಿದ್ದೋಗವೆ ಸಾರ್, ಅಲ್ಲಿಂದ್ಲೇ ಬರೋದು. ನೀವೇ ಒಂದ್ಸಲ ಬಂದು ನೋಡಿ."

"ನನಗೆ ಬೇರೆ ಕೆಲಸ ಇಲ್ವಾ?"

ಆಕೆ ನನ್ನ ಕಡೆ ನೋಡಿದಳು. ಇವಳೂ ಹೆಂಗಸು, ಈ ಬೆಟ್ಟದವಳು, ಏನಾದರೂ ಒಂದು ಮಾತು ಅಂದಾಳು ಎಂಬ ಆಸೆ ಇತ್ತೋ ಏನೋ. ನಾನು ಲೆನ್ಸ್ ಒರೆಸುತ್ತ ಕೂತಿದ್ದೆ. ನಿಜ ಹೇಳಬೇಕೆಂದರೆ ನನಗೂ ಅದು ಕೆಲಸಗಳ್ಳಿಯ ನೆಪ ಅನ್ನಿಸಿತ್ತು. ದಿನಾ ನಾಲ್ಕಕ್ಕೆ ಸರಿಯಾಗಿ ಆನೆ, ಅದೂ ಬಟ್ಟೆ ತೆಗೆಯುವ ಹೊತ್ತಿಗೇ! ಆಕೆ ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಕಾಲಿಲ್ದಿರೋ ಗಂಡನ್ನ ಮನೇಲಿ ಬುಟ್ಟು ನಡ್ಕೊಂಡು ಬಂದೋಗೋ ಕೆಲ್ಸ ಇದೊಂದೇ ಸಾರ್, ಇದನ್ನ ಸುಳ್ಳು ಹೇಳಿ ಕಳ್ಕೊತೀನಾ" ಅಂದಳು. ಮ್ಯಾನೇಜರ್ ಆಗಲೇ ಫೋನ್ ನೋಡುತ್ತಿದ್ದ.

ಹನ್ನೊಂದು ಕಾಟೇಜು ಮುಗಿಸುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಕೊನೆಯದಕ್ಕೆ ಬಂದಾಗ ನಾಲ್ಕಾಗಿತ್ತು. ಅದರ ಗಾಜಿನ ಬಾಗಿಲಿನಿಂದ ಬಟ್ಟೆ ತಂತಿ, ಬೇಲಿ, ಲಾಂಟಾನ ಪೊದೆ, ಅದರ ಹಿಂದೆ ಬೆಟ್ಟ ಕಾಣುತ್ತಿತ್ತು. ಐದು ಫೋಟೋ ತೆಗೆದೆ, ಸ್ಟ್ಯಾಂಡ್ ಮಡಿಚಿದೆ, ಕತ್ತಲಾಗುವ ಮುಂಚೆ ಘಾಟಿ ಹತ್ತಬೇಕೆಂದು ಹೊರಟುಬಿಟ್ಟೆ.

ಊಟಿಗೆ ಬಂದು ಒಂದೊಂದೇ ಕಾಟೇಜಿನ ಫೋಟೋಗಳನ್ನು ಸೇರಿಸತೊಡಗಿದೆ. ಮೊದಲ ಹನ್ನೊಂದೂ ಹೇಗೋ ಬಂದವು. ಹನ್ನೆರಡನೆಯದು ಮಾತ್ರ ಹಟ ಹಿಡಿಯಿತು. ಐದನ್ನೂ ಸೇರಿಸಿದ ಕೂಡಲೇ ಗಾಜಿನ ಬಾಗಿಲಾಚೆ, ಲಾಂಟಾನ ಪೊದೆಯ ಮುಂದೆ ಒಂದು ಮಸಿ. ಒದ್ದೆ ಕೈಯಲ್ಲಿ ಕಾಡಿಗೆ ಒರೆಸಿದ ಹಾಗೆ, ಕಪ್ಪೂ ಅಲ್ಲದ ಬೂದಿಯೂ ಅಲ್ಲದ ಮಸಿ. ಅದರೊಳಗಿಂದ ಪೊದೆಯೂ ಕಾಣುತ್ತಿತ್ತು.

ಮೊದಲು ಲೆನ್ಸಿನ ಧೂಳು ಅಂದುಕೊಂಡೆ. ಧೂಳಾದರೆ ಉಳಿದ ಹನ್ನೊಂದರಲ್ಲೂ ಇರಬೇಕಿತ್ತಲ್ಲ, ಇರಲಿಲ್ಲ. ಆಮೇಲೆ ಡಯಲ್ ತಿರುಗಿಸುವಾಗ ಕೈ ತಾಗಿ ಕ್ಯಾಮೆರಾ ಅಲುಗಿರಬೇಕು ಅಂತ ಗುಮಾನಿ ಬಂತು. ಹೌದು, ಅಲುಗಿತ್ತು. ಪರದೆಯ ಕಂಬಿ ಎರಡೆರಡಾಗಿ ಕಾಣುತ್ತಿತ್ತು. ಐದನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸು ಅಂತ ಸಾಫ್ಟ್‌ವೇರಿಗೆ ಹೇಳಿದೆ. ಕಂಬಿ ಒಂದಾಯಿತು, ಮಂಚ ಒಂದಾಯಿತು. ಮಸಿ ಇದ್ದ ಹಾಗೇ ಇತ್ತು.

ಆಗ ಇಂಟರ್ನೆಟ್ಟಿನ ಪಂಡಿತರ ಮೊರೆ ಹೋದೆ. ಇವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹತ್ತು ನಿಮಿಷದ ವಿಡಿಯೋ. ಅದರಲ್ಲಿ ನಾಲ್ಕು ನಿಮಿಷ ತನ್ನ ಚಾನೆಲ್ಲಿನ ಗುಣಗಾನ, ಮೂರು ನಿಮಿಷ ತಾನು ಹಿಮಾಲಯಕ್ಕೆ ಹೋದ ಕಥೆ, ಕೊನೆಗೆ ನಾವು ಕೇಳಿದ್ದಕ್ಕೆ ಉತ್ತರ ಮುಂದಿನ ವಿಡಿಯೋದಲ್ಲಿ. ಒಬ್ಬ ಹೇಳಿದ, ಬಿಳಿ ಬಣ್ಣದ ಲೆಕ್ಕ ಎಲ್ಲದರಲ್ಲೂ ಒಂದೇ ಇರಬೇಕು. ಇತ್ತು. ಇನ್ನೊಬ್ಬ ಹೇಳಿದ, ಮಾಮೂಲಿ ಫೈಲ್ ಹಾಕಬೇಡಿ, ಕ್ಯಾಮೆರಾದ ಮೂಲ ಫೈಲೇ ಹಾಕಿ. ಅದನ್ನೇ ಹಾಕಿದ್ದೆ. ಫೋಟೋಗ್ರಾಫರುಗಳ ಒಂದು ವಾಟ್ಸಾಪ್ ಗುಂಪಿದೆ, ಅಲ್ಲಿ ಮಸಿಯ ಚಿತ್ರ ಹಾಕಿ ಕೇಳಿದೆ. ಒಬ್ಬರು ಹೊಸ ಕಂಪ್ಯೂಟರ್ ತಗೊಳ್ಳಿ ಅಂದರು. ಒಬ್ಬರು ಕೈ ಮುಗಿಯುವ ಗುರುತು ಹಾಕಿದರು. ಕೂನೂರಿನ ಒಬ್ಬ ಮಹಾಶಯರು, "ಮೋಡದ ನೆರಳು, ಬೆಟ್ಟದಲ್ಲಿ ಇದೆಲ್ಲ ಸಹಜ ಮೇಡಂ" ಅಂತ ಬರೆದು, ಜೊತೆಗೆ ತಾವು ತೆಗೆದ ಸೂರ್ಯಾಸ್ತದ ಫೋಟೋ ಹಾಕಿ, ಹೇಗಿದೆ ಅಂತ ನನ್ನನ್ನೇ ಕೇಳಿದರು. ಅದೂ ಎಚ್‌ಡಿಆರೇ. ಸೂರ್ಯನ ಸುತ್ತ ಸುಣ್ಣದ ಗೆರೆ ಇತ್ತು.

ಸಾಫ್ಟ್‌ವೇರಿನವರ ಸಹಾಯದ ಪುಟ ಇನ್ನೂ ಸೊಗಸು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ ಅಂತ ಮೊದಲ ಸಾಲು. ಅಷ್ಟು ಹೇಳಲು ಒಂದು ಪುಟ ಬೇಕೇ? ನಮ್ಮ ಬೀದಿಯ ಕೇಬಲ್ಲಿನವನೂ ಅದನ್ನೇ ಹೇಳುತ್ತಾನೆ.

ಆ ಪುಟದ ಕೆಳಗೆ ಮಾತ್ರ ಒಂದು ಉಪಯೋಗದ ಮಾತಿತ್ತು. ಐದು ಫೋಟೋಗಳ ನಡುವೆ ಯಾವುದಾದರೂ ಜಾಗ ಬಿಟ್ಟು ಸರಿದರೆ ಹೀಗೆ ಮಸಿಯಾಗುತ್ತದಂತೆ. ಫ್ಯಾನಿನ ರೆಕ್ಕೆ, ಗಾಳಿಗೆ ಹಾರುವ ಪರದೆ, ನಡೆದುಹೋಗುವ ಮನುಷ್ಯ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಇಂಥದ್ದಕ್ಕೆ ಅವರು ಇಟ್ಟ ಹೆಸರು ಘೋಸ್ಟ್, ಅಂದರೆ ದೆವ್ವ. ಅದನ್ನು ಬಿಡಿಸಲು ಒಂದು ಗುಂಡಿ. ಕಡಿಮೆ, ಮಧ್ಯಮ, ಹೆಚ್ಚು ಅಂತ ಮೂರು ಅಳತೆ. ಕಡಿಮೆ ಒತ್ತಿದೆ, ಮಸಿ ತೆಳುವಾಯಿತು. ಮಧ್ಯಮ ಒತ್ತಿದೆ, ಮಸಿ ಎರಡು ತುಂಡಾಯಿತು. ಹೆಚ್ಚು ಒತ್ತಿದೆ, ಮಸಿ ಇನ್ನೂ ಕಪ್ಪಾಗಿ ಪೊದೆಯ ಅರ್ಧವನ್ನೇ ತಿಂದುಹಾಕಿತು. ಏನು ಸರಿದಿರಬಹುದು ಅಂತ ನಾನು ಯೋಚಿಸಬೇಕಿತ್ತಲ್ಲವೇ? ಯೋಚಿಸಲಿಲ್ಲ. ಗಾಳಿಗೆ ಪೊದೆ ತೂಗಿದೆ ಅಂದುಕೊಂಡೆ. ಐದನ್ನೂ ಬಿಡಿಬಿಡಿಯಾಗಿ ದೊಡ್ಡದು ಮಾಡಿ ನೋಡುವುದು ಐದು ನಿಮಿಷದ ಕೆಲಸ. ಅದನ್ನೂ ಮಾಡದೆ ಎರಡು ಹಗಲು ಆ ಗುಂಡಿಯನ್ನೇ ಒತ್ತುತ್ತ ಕೂತೆ.

ಎರಡನೆಯ ದಿನ ಮಧ್ಯಾಹ್ನ ಇನ್ನೊಂದು ದಾರಿ ಸಿಕ್ಕಿತು. ಸರಿದದ್ದರ ವಿಷಯದಲ್ಲಿ ಐದರಲ್ಲಿ ಯಾವುದನ್ನು ನಂಬಬೇಕು ಅಂತ ನಾವೇ ತೋರಿಸಬಹುದು. ಮೊದಲನೆಯದನ್ನು ತೋರಿಸಿದೆ. ಎಲ್ಲಕ್ಕಿಂತ ಕಪ್ಪಾದದ್ದು, ಹೊರಗಿನ ಬೆಟ್ಟ ಚೆನ್ನಾಗಿ ಬಂದಿರುವಂಥದ್ದು. ಕ್ಷಣದಲ್ಲಿ ಮಸಿ ಮಾಯ. ಪೊದೆಯ ಎಲೆ ಎಲೆಯೂ ಕಂಡಿತು, ಬೆಟ್ಟ ಕಂಡಿತು, ಮಂಚದ ಮೇಲಿನ ಬಾತುಕೋಳಿಗಳೂ ಕಂಡವು. ಬಟ್ಟೆ ತಂತಿಯ ಪಕ್ಕದಲ್ಲಿ ಆ ಹೆಂಗಸು ಒಗೆದ ಹೊದಿಕೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಹೆಬ್ಬೆರಳಿನಷ್ಟು ಚಿಕ್ಕದಾಗಿ, ಆದರೆ ಸೀರೆಯ ಅಂಚೂ ಕಾಣುವಷ್ಟು ಸ್ಪಷ್ಟವಾಗಿ. ಇರಲಿ, ಬೆಟ್ಟ ಎಷ್ಟು ದೊಡ್ಡದು ಅಂತ ತಿಳಿಯಲು ಒಬ್ಬ ಮನುಷ್ಯ ಬೇಕು ಅಂತ ಬಿಟ್ಟೆ. ಹನ್ನೆರಡನ್ನೂ ಕಳಿಸಿ, ಗೆದ್ದೆ ಅಂತ ಬೇಕರಿಯಿಂದ ಬಿಸಿಬಿಸಿ ವರ್ಕಿ ಬಿಸ್ಕತ್ತು ತರಿಸಿಕೊಂಡು ತಿಂದೆ.

ಮರುದಿನ ಮ್ಯಾನೇಜರ್ ಫೋನ್ ಮಾಡಿದ. ಖುಷಿಯೋ ಖುಷಿ.

"ಮೇಡಂ, ಸೂಪರ್! ಒಂದೇ ಒಂದು ಸಣ್ಣ ಕರೆಕ್ಷನ್. ಕೊನೇ ಕಾಟೇಜಲ್ಲಿ ಆ ಹೆಂಗಸು ನಿಂತಿದಾಳಲ್ಲ, ಅವಳನ್ನ ತೆಗೆದುಬಿಡಿ. ಗೆಸ್ಟ್‌ಗಳಿಗೆ ಚೆನ್ನಾಗಿ ಕಾಣಲ್ಲ. ಆದರೂ ಒಳ್ಳೇದೇ ಆಯ್ತು ಬಿಡಿ, ನಿಮ್ಮಿಂದ ಪ್ರೂಫ್ ಸಿಕ್ತು. ದೊಡ್ಡದು ಮಾಡಿ ತೋರಿಸಿದೆ. ಎಲ್ಲಮ್ಮಾ ಆನೆ, ಹುಡುಕಿ ತೋರಿಸು ಅಂದೆ. ಎಲ್ಲಿಂದ ತೋರಿಸ್ತಾಳೆ? ಇವತ್ತಿನಿಂದ ಬರಬೇಡ ಅಂತ ಕಳಿಸಿದೆ."

ನಾನು "ಸರಿ, ತೆಗೆದು ಕಳಿಸ್ತೀನಿ" ಅಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಾನು ಅಂದದ್ದು ಅಷ್ಟೇ.

ಒಬ್ಬರನ್ನು ಫೋಟೋದಿಂದ ತೆಗೆಯುವುದು ಕಷ್ಟವಲ್ಲ. ಐದರಲ್ಲಿ ಯಾವುದೋ ಒಂದರಲ್ಲಿ ಅವರು ಆ ಜಾಗ ಬಿಟ್ಟಿದ್ದರೆ ಸಾಕು, ಆ ಖಾಲಿ ಜಾಗ ತಂದು ಇಲ್ಲಿ ಮುಚ್ಚಬಹುದು. ಹಾಗೆ ಖಾಲಿ ಜಾಗ ಹುಡುಕಲು ಐದನ್ನೂ ಮೊದಲ ಸಲ ಬಿಡಿಯಾಗಿ ತೆರೆದೆ. ಒಂದನೆಯದರಲ್ಲಿ ಆಕೆ ಪೊದೆಯ ಕಡೆಗೇ ಮುಖ ಮಾಡಿ ನಿಂತಿದ್ದಳು. ಎರಡನೆಯದರಲ್ಲೂ ನಿಂತಿದ್ದಳು, ಅದೇ ಕಾಲು, ಅದೇ ಕೈ, ಎದೆಗೆ ಅದೇ ಹೊದಿಕೆ. ಮತ್ತು ಪೊದೆಯಿಂದ ಒಂದು ತಲೆ ಹೊರಗೆ ಬಂದಿತ್ತು. ಕಿವಿ, ಸೊಂಡಿಲು, ಒಂದು ಕೊಂಬು.

ಮೂರನೆಯದನ್ನು ತೆರೆದೆ. ಬೆಳಕು ಹೆಚ್ಚಾಗಿ ಎಲ್ಲ ಬಿಳಿಚಿಕೊಂಡಿತ್ತು, ಆದರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಇಡೀ ಆನೆ ಬೇಲಿಯ ಈಚೆ ನಿಂತಿತ್ತು. ಆಕೆಗೂ ಅದಕ್ಕೂ ನಡುವೆ ಎರಡು ಹೊದಿಕೆ ಒಣಹಾಕುವಷ್ಟು ಜಾಗ. ಆಕೆ ಅಲುಗಿರಲಿಲ್ಲ. ನಾಲ್ಕು ಮತ್ತು ಐದರಲ್ಲಿ ಬಾಗಿಲು ಬರಿ ಬಿಳಿ, ಆನೆಯೂ ಇಲ್ಲ ಆಕೆಯೂ ಇಲ್ಲ.

ಕುರ್ಚಿಯಿಂದ ಎದ್ದೆ, ಮತ್ತೆ ಕೂತೆ. ಆ ದೆವ್ವ ಬಿಡಿಸುವ ಗುಂಡಿ ಮಾಡಿದ್ದೇನು ಅಂತ ಆಗ ತಲೆಗೆ ಹೋಯಿತು. ಸರಿದದ್ದು ದೆವ್ವ, ನಿಂತದ್ದು ನಿಜ. ಅದಕ್ಕೆ ಗೊತ್ತಿರುವುದು ಇಷ್ಟೇ. ಆನೆ ನಡೆಯಿತು, ಅದನ್ನು ಒರೆಸಿ ಹಾಕಿತು. ಆಕೆ ಜೀವ ಕೈಯಲ್ಲಿ ಹಿಡಿದು ಅಲುಗದೆ ನಿಂತಳು, ಆಕೆಯನ್ನು ಚೊಕ್ಕವಾಗಿ ಉಳಿಸಿಕೊಂಡಿತು. ಆನೆಯಿಲ್ಲದ ಜಾಗದಲ್ಲಿ ಸುಮ್ಮನೆ ನಿಂತ ಸೋಮಾರಿಯ ಫೋಟೋ ಒಂದನ್ನು, ಎರಡು ದಿನ ಕಷ್ಟಪಟ್ಟು, ನಾನು ನನ್ನ ಕೈಯಾರೆ ತಯಾರು ಮಾಡಿ ಕೊಟ್ಟಿದ್ದೆ. ಸಾಫ್ಟ್‌ವೇರಿಗಾದರೋ ಕಣ್ಣಿಲ್ಲ. ನನಗೆ ಇತ್ತು.

ಇನ್ನೊಂದೂ ನೆನಪಾಯಿತು. ಗಾಜಿನಲ್ಲಿ ನನ್ನದೇ ನೆರಳು ಬೀಳುತ್ತದೆಂದು ಆ ಬಾಗಿಲನ್ನು ಪೂರ್ತಿ ಸರಿಸಿ ತೆರೆದಿಟ್ಟಿದ್ದೆ. ಬಿಸಿಲಿಗೆ ಕ್ಯಾಮೆರಾದ ಹಿಂದಿನ ಪರದೆ ಕಾಣುತ್ತಿಲ್ಲವೆಂದು ತಲೆಯ ಮೇಲೆ ಟವೆಲ್ ಹೊದ್ದುಕೊಂಡು ಬಗ್ಗಿದ್ದೆ. ಎದುರಿಗೆ ಆನೆ, ನಡುವೆ ಬಾಗಿಲೂ ಇಲ್ಲ, ನಾನು ಟವೆಲ್ಲಿನೊಳಗೆ ಬೆಳಕಿನ ಗ್ರಾಫ್ ನೋಡುತ್ತಿದ್ದೆ. ಆಕೆ ಕಿರುಚಿಕೊಂಡು ಓಡಿದ್ದರೆ ಅದು ಯಾವ ಕಡೆ ನುಗ್ಗುತ್ತಿತ್ತು?

ಮ್ಯಾನೇಜರಿಗೆ ಫೋನ್ ಮಾಡಲಿಲ್ಲ. ಮುಖ ನೋಡಿಯೇ ಹೇಳಬೇಕೆಂದು ಲ್ಯಾಪ್‌ಟಾಪ್ ಕಟ್ಟಿಕೊಂಡು ಮರುದಿನ ಬೆಳಗ್ಗೆ ಘಾಟಿ ಇಳಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವನ ಕಪ್ಪಿನ ಮೇಲಿನ ಆನೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟು ಎರಡನೆಯದನ್ನೂ ಮೂರನೆಯದನ್ನೂ ತೋರಿಸಿದೆ.

ಅವನು ಬಿಳಿಚಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಕುರ್ಚಿಯಿಂದ ಜಿಗಿದೇಬಿಟ್ಟ. "ಮೇಡಂ! ಇದನ್ನ ಯಾಕೆ ಮೊದಲೇ ಕೊಡಲಿಲ್ಲ? ರೂಮ್ ಒಳಗಿಂದ ಆನೆ! ಮಂಚದ ಮೇಲೆ ಮಲಗಿಕೊಂಡೇ ಆನೆ ನೋಡಬಹುದು! ಇದೇ ಬೇಕಿದ್ದಿದ್ದು. ಆನೆ ಇಟ್ಕೊಳ್ಳಿ, ಆ ಹೆಂಗಸನ್ನ ಮಾತ್ರ ತೆಗೆದು ಕೊಡಿ."

"ಆ ಹೆಂಗಸು ಹೇಳಿದ್ದು ನಿಜ ಅಂತ ಈಗಲಾದರೂ ತಿಳೀತಾ?" ಅಂದೆ.

"ನಿಜಾನೇ ಮೇಡಂ, ಯಾರು ಇಲ್ಲ ಅಂದರು ಈಗ?"

"ನೀವೇ ಅಂದಿರಿ. ಅದಕ್ಕೇ ಅವರನ್ನ ಕೆಲಸದಿಂದ ತೆಗೆದಿರಿ."

"ಅಯ್ಯೋ, ಅದಕ್ಕೇನಂತೆ, ಬರಲಿ ಬಿಡಿ. ನಾನೇನು ಬೇಡ ಅಂತೀನಾ?" ಅಂದ. ಕೈ ಲ್ಯಾಪ್‌ಟಾಪಿನ ಮೇಲೇ ಇತ್ತು, ಆನೆಯನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದ. ಬೇಲಿಯ ಬಿದ್ದ ಕಂಬ ಕೂಡ ಆ ಫೋಟೋದಲ್ಲಿ ಕಾಣುತ್ತಿತ್ತು. ಅದನ್ನು ಎತ್ತಿ ನಿಲ್ಲಿಸುತ್ತೀರಾ ಅಂತ ಕೇಳಿದೆ. ಎತ್ತಿ ನಿಲ್ಲಿಸಿದರೆ ಆನೆ ಎಲ್ಲಿಂದ ಬರುತ್ತದೆ ಮೇಡಂ ಅಂತ ನನ್ನನ್ನೇ ಕೇಳಿದ. ಮೂರು ತಿಂಗಳು ಆನೆಯೇ ಇಲ್ಲ ಅಂತ ಸಾಧಿಸಿದ್ದ ಅದೇ ಬಾಯಿ. ಜೋಡಿಸಿಕೊಂಡು ಹೋಗಿದ್ದ ಬೈಗುಳಗಳನ್ನು ಲ್ಯಾಪ್‌ಟಾಪಿನ ಜೊತೆಗೇ ಕಟ್ಟಿಟ್ಟೆ. ಬರಲಿ ಬಿಡಿ ಅಂದನಲ್ಲ, ಅಷ್ಟನ್ನೇ ಹಿಡಿದುಕೊಂಡು ಆಕೆಯ ಮನೆ ಕೇಳಿಕೊಂಡು ಹೊರಟೆ.

ಮನೆ ದೂರವಿರಲಿಲ್ಲ. ಆಕೆ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಒಳಗೆ ಮಂಚದ ಮೇಲಿಂದ ಗಂಡ, ಯಾರು ಬಂದದ್ದು ಅಂತ ಕೇಳುತ್ತಿದ್ದ. ನನ್ನನ್ನು ಕಂಡು ಎದ್ದು ಕೈ ಒರೆಸಿಕೊಂಡು ಚಾಪೆ ಹಾಕಿದಳು. ನಾನು ಲ್ಯಾಪ್‌ಟಾಪ್ ತೆರೆದು ಐದನ್ನೂ ಒಂದೊಂದಾಗಿ ತೋರಿಸಿ, ನಾನು ಮಾಡಿದ್ದನ್ನೂ ಹೇಳಿದೆ. ಸೇರಿಸುವಾಗ ಆನೆಯನ್ನು ಒರೆಸಿದ್ದು ನಾನೇ, ನಿಮ್ಮ ಕೆಲಸ ಹೋದದ್ದು ನನ್ನಿಂದ, ತಪ್ಪಾಯಿತು ಅಂದೆ.

ಆಕೆ ಮೂರನೆಯ ಫೋಟೋವನ್ನು ಬಹಳ ಹೊತ್ತು ನೋಡಿದಳು. "ಇವ್ರೇ" ಅಂದಳು. "ಒಂಟಿ ಕೊಂಬಿನವ್ರು. ನೀವು ಒಳ್ಗಡೆ ತಲೆ ಮ್ಯಾಲೆ ಬಟ್ಟೆ ಹಾಕ್ಕೊಂಡು ಅದೇನೋ ಮಾಡ್ತಿದ್ರಿ. ಈ ಅಕ್ಕ ಈಗ ತಲೆ ಎತ್ತಿ ಕಿರುಚ್ಕೊಂಡ್ರೆ ಏನಪ್ಪಾ ಗತಿ ಅಂತ ನಂಗೆ ಜೀವಾನೇ ಇರ್ಲಿಲ್ಲ."

ಮ್ಯಾನೇಜರ್ ಫೋಟೋ ನೋಡಿದ, ನೀವು ಮತ್ತೆ ಕೆಲಸಕ್ಕೆ ಬರಬಹುದು ಅಂದಿದ್ದಾನೆ ಅಂತ ಹೇಳಿದೆ. ಒಳಗಿನಿಂದ ಗಂಡ, "ಹಂಗಾರೆ ನಾಳೆಯಿಂದ್ಲೇ ಹೋಗು" ಅಂದ.

ಆಕೆ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಫೋಟೋ ನೋಡಿ ಅಂದ್ರಾ?"

"ಹೌದು."

"ಇವ್ರು ನಾಳೆನೂ ಬತ್ತಾರಕ್ಕಾ. ನಾಡಿದ್ದೂ ಬತ್ತಾರೆ. ಆಗ ಫೋಟೋ ತೆಗೆಯಕ್ಕೆ ನೀವಿರಾಕಿಲ್ಲ. ಆಗ ನಾನು ನಿಂತ್ರೆ, ಯಾಕ್ ನಿಂತಿದ್ದೆ ಅಂತ ನನ್ ಬಾಯಲ್ಲಿ ಹೇಳಿದ್ರೆ, ನಂಬ್ತಾರಾ? ಅದೊಂದು ಕೇಳ್ಬುಡಿ. ನಂಬ್ತೀನಿ ಅಂದ್ರೆ ಈಗ್ಲೇ ಎದ್ದು ಬತ್ತೀನಿ."

ಇಷ್ಟು ಸಣ್ಣ ಮಾತು, ಹೂಂ ಅನ್ನದೆ ಇರುತ್ತಾನೆಯೇ ಅಂದುಕೊಂಡೆ. ಆಕೆಗೂ ಕೇಳಿಸಲಿ, ಒಳಗಿದ್ದ ಗಂಡನಿಗೂ ಕೇಳಿಸಲಿ ಅಂತ ಫೋನಿನ ಸ್ಪೀಕರ್ ಹಾಕಿ ಅವನಿಗೆ ಕರೆ ಮಾಡಿದೆ. ಆಕೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಇನ್ನು ಮುಂದೆ ಆನೆ ಬಂದಿತ್ತು ಅಂತ ಅವರು ಹೇಳಿದರೆ, ಫೋಟೋ ಇಲ್ಲದೆಯೂ, ನೀವು ನಂಬುತ್ತೀರಾ?

ಆ ಕಡೆ ಎಸಿಯ ಸದ್ದು ಕೇಳಿಸುತ್ತಿತ್ತು. ಆಕೆ ಕೈಯಲ್ಲಿದ್ದ ಹುಣಸೆಹಣ್ಣನ್ನು ಹಾಗೇ ಹಿಡಿದುಕೊಂಡಿದ್ದಳು.

"ಅದೆಲ್ಲ ಆಮೇಲೆ ನೋಡೋಣ ಮೇಡಂ" ಅಂದ ಅವನು. "ಆ ಹೆಂಗಸನ್ನ ತೆಗೆದು ಫೋಟೋ ಯಾವಾಗ ಕಳಿಸ್ತೀರಾ?"